ಮಿಷನ್ ಸದ್ದು

ಸಂಜೆ ಏಳಾದರೆ ಪೂರ್ವಿ
ನನ್ನ ಗುಂಡಿ ಡಬ್ಬಿಗೆ ಫೋನು ಒರಗಿಸಿ
ಲೈವ್ ಹೋಗುತ್ತಾಳೆ.
ಅಂಗಡಿಗಲ್ಲ, ಟ್ಯೂಷನ್ನಿಗಲ್ಲ, ಲೈವ್.
ಇದ್ದಲ್ಲೇ ಇದ್ದು ಹೋಗುವುದು ಹೇಗೆಂದು
ಮೊದಮೊದಲು ನನಗೆ ತಿಳಿಯಲಿಲ್ಲ.

ನಾನು ಹಾಲಮ್ಮ, ವಿದ್ಯಾನಗರದ ಟೈಲರು.
ಅಳತೆ ತೆಗೆಯುವುದು ನನ್ನ ಕಸುಬು.
ಮಗುವಿನ ಭುಜ ಮುಟ್ಟುವ ಮೊದಲು
ತಾಯಿಯ ಮುಖ ನೋಡುತ್ತೇನೆ,
ಆಮೇಲೆ ಮಗುವನ್ನೇ ಕೇಳುತ್ತೇನೆ:
ಟೇಪು ಹಿಡೀಲಾ ಪುಟ್ಟಾ?
ಬೇಡ ಅಂದ ಮಕ್ಕಳಿಗೆ
ಹಳೇ ಅಂಗಿ ನೋಡಿ ಹೊಲಿದುಕೊಟ್ಟಿದ್ದೇನೆ.

ಆ ದಿನ ಕಾಜ ಹಾಕುತ್ತಾ ಅತ್ತ ಕಣ್ಣು ಹಾಯಿಸಿದೆ.
ಜಡೆ ಹಾಕುವುದು ತೋರಿಸುತ್ತಿದ್ದಳು,
ನಾಲ್ಕೆಳೆ ಜಡೆ, ನಾನೇ ಕಲಿಸಿದ್ದು.
ನೋಡುವವರು ನಲವತ್ತೊಂದು.
ಗುಲಾಬಿಗಳು ಮೇಲೇರಿ ಒಡೆಯುತ್ತಿದ್ದವು,
ಒಂದು ಸಿಂಹ ಗರ್ಜಿಸಿ ಹೋಯಿತು.
ಗಿಫ್ಟಂತೆ. ದುಡ್ಡಂತೆ.
ಪ್ರತಿ ಗುಲಾಬಿಗೂ ಪೂರ್ವಿ
ಹೆಸರು ಹಿಡಿದು ಥ್ಯಾಂಕ್ಸ್ ಹೇಳಿದಳು.
ಅದನ್ನು ಕಲಿಸಿದ್ದೂ ನಾನೇ:
ಕೊಟ್ಟವರ ಹತ್ತಿರ ನಗುತ್ತಾ ಮಾತಾಡು.

ಆಗ ಕೆಳಗಿನಿಂದ ಸಾಲುಗಳು ಹತ್ತಿ ಬಂದವು.
ಹಿಂದೆ ನೇತಾಕಿದೀಯಲ್ಲ, ಯಾವ ಸ್ಕೂಲ್ ಯೂನಿಫಾರಂ?
ಈಗ ಹೋಯ್ತಲ್ಲ ಟ್ರೈನು, ತಾಳಗುಪ್ಪದ್ದಾ?
ಹಂಗಾದ್ರೆ ಮನೆ ಹಳಿ ಪಕ್ಕಾನೇ.
ಒಬ್ಳೇನಾ? ಬಾಗ್ಲು ಹಾಕಿದೆಯಾ?
ಸ್ವಲ್ಪ ಹಿಂದೆ ಸರಿ, ಪೂರ್ತಿ ಕಾಣ್ಲಿ,
ಇನ್ನೊಂದು ಸಿಂಹ ಕೊಡ್ತೀನಿ.

ಆ ನಲವತ್ತೊಂದರಲ್ಲಿ ಮೂವತ್ತು
ಅವಳಂಥ ಮಕ್ಕಳೇ ಇದ್ದಾರು, ನನಗೇನು ಗೊತ್ತು.
ಕೇಳದೆ ಟೇಪು ಹಿಡಿಯುವವನು
ಒಬ್ಬನಿದ್ದರೆ ಸಾಕಲ್ಲ.

ಪೂರ್ವಿ ಹಿಂದೆ ಸರಿಯಲು ಎದ್ದಳು.

ಫೋನು ಕಿತ್ತು ಬಿಸಾಕಬೇಕಿತ್ತು ಅನ್ನುತ್ತಾಳೆ ನನ್ನ ತಂಗಿ.
ಕೈ ಏಳಲಿಲ್ಲ. ಗಂಟಲೂ ಏಳಲಿಲ್ಲ.
ಕಾಲು ತಾನಾಗಿ ಪೆಡಲಿಗೆ ಹೋಯಿತು.
ಸೂಜಿಯ ಕೆಳಗೆ ಬಟ್ಟೆಯಿಲ್ಲ, ದಾರವಿಲ್ಲ,
ಕಟಕಟ ಕಟಕಟ ಓಡಿಸಿದೆ, ಓಡಿಸಿದೆ,
ಸ್ಕೂಲು ಶುರುವಾಗುವ ಹಿಂದಿನ ರಾತ್ರಿಯೂ
ಹಾಗೆ ಓಡಿಸಿದ್ದಿಲ್ಲ.

ಏನದು ಸೌಂಡು? ಅಂತ ಬಂತು.
ಪೂರ್ವಿ ನನ್ನ ಕಡೆ ತಿರುಗಿದಳು.
ಅಮ್ಮ, ಅಂದಳು,
ನನಗೋ, ಅವರಿಗೋ.
ಮೂವತ್ತೆಂಟು. ಮೂವತ್ತು. ಇಪ್ಪತ್ತೊಂಬತ್ತು.
ಸಿಂಹದವನು ಎಲ್ಲರಿಗಿಂತ ಮೊದಲು ಎದ್ದುಹೋಗಿದ್ದ.

ರಾತ್ರಿ ದೀಪ ಆರಿಸಿದ ಮೇಲೆ ಹೇಳಿದಳು:
ಹೋದ ವಾರ ನಂಬರ್ ಕೇಳಿದ್ದ ಅಮ್ಮ.
ಎಂಟು ಅಂಕಿ ಕೊಟ್ಟೆ.
ಇನ್ನೆರಡು ಕೊಡೋಕೆ ಯಾಕೋ ಮನಸ್ಸಾಗಲಿಲ್ಲ.

ಬಯ್ಯಲಿಲ್ಲ ನಾನು.
ಬೈದರೆ ಮುಂದಿನ ಸಲ ಹತ್ತೂ ಕೊಟ್ಟು
ಕತ್ತಲಲ್ಲಿ ಸುಮ್ಮನೆ ಮಲಗಿರುತ್ತಾಳೆ.
ಅವಳ ಕೈಯನ್ನು ಸುಮ್ಮನೆ ಹಿಡಿದುಕೊಂಡೆ,
ಬಿಟ್ಟ ಎರಡು ಅಂಕಿಯನ್ನು
ಯಾವ ದೇವರು ತಡೆದನೋ ಅನ್ನದೆ
ಅವಳೇ ತಡೆದಳು ಅಂದುಕೊಂಡೆ.

ಬೆಳಿಗ್ಗೆ ಇಬ್ಬರೂ ಕೂತು ನೋಡಿದೆವು.
ಆಪಿನಲ್ಲಿ ಅವಳು ಹುಟ್ಟಿದ್ದು
ನಾನು ಹುಟ್ಟಿದ ವರ್ಷ!
ನಗು ಬಂತು, ಆಮೇಲೆ ಬರಲಿಲ್ಲ.
ಅವನ ಮಾತುಗಳ ಫೋಟೋ ಹಿಡಿದಿಟ್ಟೆವು,
ರಿಪೋರ್ಟ್ ಒತ್ತಿದೆವು, ಬ್ಲಾಕ್ ಒತ್ತಿದೆವು.
ಅಕೌಂಟು ಅವಳೇ ಅಳಿಸಿದಳು,
ಮೂರು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.
ಗುಲಾಬಿ ಎಷ್ಟಿತ್ತು ಅಂತ ನಾನೂ ಕೇಳಲಿಲ್ಲ.

ಈಗ ಏಳಕ್ಕೆ ಅವಳು ಗಣಿತ ಮಾಡುತ್ತಾಳೆ,
ಒಮ್ಮೊಮ್ಮೆ ಗುಂಡಿ ಡಬ್ಬಿಯ ಕಡೆ ನೋಡುತ್ತಾಳೆ.
ನಾಳೆಗೆ ಒಂಬತ್ತು ಯೂನಿಫಾರಂ ಕೊಡಬೇಕು,
ಜೇಬಿನ ಮೇಲೆ ಸ್ಕೂಲಿನ ಹೆಸರು ಹೊಲಿಯುವಾಗ
ಕೈ ನಿಧಾನವಾಗುತ್ತದೆ.

ತಾಳಗುಪ್ಪದ ಗಾಡಿ ಕೂಗುತ್ತದೆ.
ಪೆಡಲಿನಿಂದ ಕಾಲು ತೆಗೆದು ಕೇಳುತ್ತೇನೆ.
ಈ ಹಳಿಯುದ್ದಕ್ಕೂ ಎಷ್ಟು ಮನೆ,
ಎಷ್ಟು ಹಾಕಿದ ಬಾಗಿಲು,
ಯಾವ ಕೋಣೆಯಿಂದ ಈ ಕೂಗು
ಈಗ ಯಾರ ಕಿವಿಗೆ ಹೋಗುತ್ತಿದೆಯೋ.